ಪ್ಯಾಕೇಜಿನ ಸುದ್ದಿ ಬರೆಯುವಾಗ ಆಫರ್ ಲೆಟರ್ ಓದುವುದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಕ್ಯಾಂಪಸ್ ನೇಮಕಾತಿ ಶುರುವಾದರೆ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ: ಇಂಥ ಕಾಲೇಜಿನ ಇಷ್ಟು ಮಂದಿಗೆ ವರ್ಷಕ್ಕೆ 6 ಲಕ್ಷ ರೂಪಾಯಿ ಪ್ಯಾಕೇಜ್. ಕೈಯಲ್ಲಿ ಪತ್ರ ಹಿಡಿದ ಹುಡುಗ ಹುಡುಗಿಯರು, ಪಕ್ಕದಲ್ಲಿ ಪ್ರಾಂಶುಪಾಲರು. ಆ ಪತ್ರದೊಳಗೆ ಏನು ಬರೆದಿದೆ ಎಂಬುದನ್ನು ಮಾತ್ರ ಯಾರೂ ಓದಿ ಹೇಳುವುದಿಲ್ಲ. ಮಾನವ ಸಂಪನ್ಮೂಲ ವಿಷಯ ಓದುತ್ತಿರುವ ನಾವು ಈ ಕಾಗದವನ್ನು ಕುರಿತೇ ಬರೆಯುತ್ತಿದ್ದೇವೆ.

ನಮ್ಮ ಪಠ್ಯದಲ್ಲಿ ‘ಸಾಂಸ್ಥಿಕ ಸಂಸ್ಕೃತಿ’ ಎಂಬ ಅಧ್ಯಾಯವಿದೆ. ಅಮೆರಿಕದ ವಿದ್ವಾಂಸ ಎಡ್ಗರ್ ಶೈನ್ ಸಂಸ್ಕೃತಿಗೆ ಮೂರು ಪದರಗಳನ್ನು ಗುರುತಿಸಿದರು: ಕಣ್ಣಿಗೆ ಕಾಣುವ ಕುರುಹುಗಳು, ಸಂಸ್ಥೆ ಬಾಯಿಬಿಟ್ಟು ಹೇಳಿಕೊಳ್ಳುವ ಮೌಲ್ಯಗಳು, ಯಾರೂ ಹೇಳದಿದ್ದರೂ ಎಲ್ಲರೂ ಅನುಸರಿಸುವ ಆಳದ ನಂಬಿಕೆಗಳು. ಗಾಜಿನ ಕಟ್ಟಡ, ಕೊರಳಿಗೆ ತೂಗುವ ಗುರುತಿನ ಚೀಟಿ, ಉಚಿತ ಕಾಫಿ ಇವೆಲ್ಲ ಮೊದಲ ಪದರ. ‘ನಮ್ಮದು ಒಂದು ಕುಟುಂಬ’ ಎಂಬ ಗೋಡೆಬರಹ ಎರಡನೆಯದು. ಮೂರನೆಯದನ್ನು ಕಾಣಬೇಕಾದರೆ ನೋಟಿಸ್ ಅವಧಿಯ ಕಲಮು, ರಜೆಯ ನಿಯಮ, ಸಂಜೆ 7ರ ನಂತರದ ಮೀಟಿಂಗುಗಳು, ಬಿಟ್ಟುಹೋಗುವವರಿಗೆ ಲೆಕ್ಕ ಚುಕ್ತಾ ಮಾಡುವ ರೀತಿ ಇವುಗಳನ್ನು ಓದಬೇಕು. ಪರೀಕ್ಷೆಗೆ ಮೂರೂ ಪದರಗಳನ್ನು ಬರೆದು ಅಂಕ ಪಡೆದವರೇ ಮಾರನೆಯ ವಾರ ಆಫರ್ ಲೆಟರಿನ ಕೊನೆಯ ಪುಟ ತಿರುವದೆ ಸಹಿ ಹಾಕುತ್ತಾರೆ.

ಮೊದಲು ಆ 6 ಲಕ್ಷವನ್ನೇ ಬಿಡಿಸಿ ನೋಡೋಣ. ಸಿಟಿಸಿ (ಕಾಸ್ಟ್ ಟು ಕಂಪನಿ) ಎಂದು ಕರೆಯುವ ಈ ಮೊತ್ತ ಒಬ್ಬ ನೌಕರರ ಮೇಲೆ ಕಂಪನಿಗೆ ವರ್ಷಕ್ಕೆ ತಗಲುವ ಒಟ್ಟು ಖರ್ಚು, ಕೈಗೆ ಬರುವ ಸಂಬಳವಲ್ಲ. ಉದಾಹರಣೆಗೆ ಹೀಗೊಂದು ಹಂಚಿಕೆ ಇಟ್ಟುಕೊಳ್ಳಿ. ಮೂಲ ವೇತನ 3,00,000. ಮನೆ ಬಾಡಿಗೆ ಭತ್ಯೆ ಅದರ ಶೇ 40ರಂತೆ 1,20,000. ಕಂಪನಿ ಕಟ್ಟುವ ಭವಿಷ್ಯ ನಿಧಿ (ಪಿಎಫ್) ಶೇ 12ರಂತೆ 36,000. ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಸಿಗುವ ಇಡಿಗಂಟಾದ ಗ್ರಾಚ್ಯುಟಿ ಶೇ 4.81ರಂತೆ 14,430. ಗುಂಪು ವಿಮೆ 10,000. ಕೆಲಸದ ಫಲಿತಾಂಶ ನೋಡಿ ಕೊಡುವ ‘ವೇರಿಯಬಲ್’ 60,000. ಉಳಿದ 59,570 ವಿಶೇಷ ಭತ್ಯೆ. ಇವುಗಳಲ್ಲಿ ತಿಂಗಳ ಸಂಬಳಚೀಟಿಗೆ ಬರುವುದು ಮೂರೇ: ಮೂಲ ವೇತನ 25,000, ಬಾಡಿಗೆ ಭತ್ಯೆ 10,000, ವಿಶೇಷ ಭತ್ಯೆ ಸುಮಾರು 4,964. ಒಟ್ಟು 39,964. ಅದರಲ್ಲಿ ನೌಕರರ ಪಾಲಿನ ಪಿಎಫ್ 3,000 ಮತ್ತು ವೃತ್ತಿ ತೆರಿಗೆ 200 ಕಳೆದರೆ ಉಳಿಯುವುದು 36,764. ವೃತ್ತಿ ತೆರಿಗೆ ಫೆಬ್ರುವರಿಯಲ್ಲಿ 300 ಆಗುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಈ ಆದಾಯಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ.

6 ಲಕ್ಷವನ್ನು 12ರಿಂದ ಭಾಗಿಸಿ ತಿಂಗಳಿಗೆ 50,000 ಎಂದು ಲೆಕ್ಕ ಹಾಕಿದವರಿಗೆ ಮೊದಲ ತಿಂಗಳೇ 13,236 ರೂಪಾಯಿ ಕಡಿಮೆ ಬೀಳುತ್ತದೆ. ಅಷ್ಟರಲ್ಲಿ ಬೆಂಗಳೂರಿನಲ್ಲಿ ಮನೆಗೆ ಮುಂಗಡ ಕೊಟ್ಟಾಗಿರುತ್ತದೆ, ಬೈಕಿನ ಕಂತು ಶುರುವಾಗಿರುತ್ತದೆ, ಊರಿಗೆ ಇಷ್ಟು ಕಳಿಸುತ್ತೇನೆ ಎಂದು ಅಪ್ಪ ಅಮ್ಮನಿಗೆ ಮಾತು ಕೊಟ್ಟಾಗಿರುತ್ತದೆ. ಸಾಲದ ಸುಳಿ ಇಲ್ಲಿಂದಲೇ ಆರಂಭ. ಕೆಲಸ ಸರಿಬರದಿದ್ದರೂ ಬಿಡಲಾಗದ ಸ್ಥಿತಿಯೂ ಇಲ್ಲಿಂದಲೇ.

ವೇರಿಯಬಲ್ ಬಗ್ಗೆ ಎಚ್‌ಆರ್ ಅವರನ್ನು ಕೇಳಿ ಉತ್ತರವನ್ನು ಮೇಲ್‌ನಲ್ಲಿ ಪಡೆದುಕೊಳ್ಳಬೇಕು. ಅದನ್ನು ಮೂರು ತಿಂಗಳಿಗೊಮ್ಮೆ ಕೊಡುತ್ತಾರೋ ವರ್ಷಕ್ಕೊಮ್ಮೆಯೋ? ಕಂಪನಿಯ ಲಾಭ, ತಂಡದ ಗುರಿ, ವೈಯಕ್ತಿಕ ರೇಟಿಂಗ್ ಇವುಗಳಲ್ಲಿ ಯಾವುದಕ್ಕೆ ಎಷ್ಟು ಪಾಲು? ಕೊಡುವ ದಿನ ನೌಕರಿಯಲ್ಲೇ ಇರಬೇಕೆಂಬ ಷರತ್ತಿದೆಯೇ? ಈ ಕೊನೆಯ ಷರತ್ತಿನಿಂದಾಗಿ ವರ್ಷವಿಡೀ ದುಡಿದು ಮಾರ್ಚ್ ಕೊನೆಗೆ ಬಿಟ್ಟವರಿಗೆ ಮೇ ತಿಂಗಳಲ್ಲಿ ಹಂಚುವ ಹಣ ತಪ್ಪಿಹೋಗುತ್ತದೆ. ಜಾಯ್ನಿಂಗ್ ಬೋನಸ್ ಇದ್ದರೆ ಎಷ್ಟು ತಿಂಗಳೊಳಗೆ ಬಿಟ್ಟರೆ ಅದನ್ನು ಹಿಂದಿರುಗಿಸಬೇಕು ಎಂಬುದನ್ನೂ ನೋಡಿಕೊಳ್ಳಬೇಕು. ಗ್ರಾಚ್ಯುಟಿ ಸಿಟಿಸಿಯಲ್ಲಿ ಸೇರಿದ್ದರೂ ಸಾಮಾನ್ಯ ನೌಕರರಿಗೆ ಐದು ವರ್ಷ ಸೇವೆಯಾದ ಮೇಲಷ್ಟೇ ಸಿಗುತ್ತದೆ. ನಿಗದಿತ ಅವಧಿಯ ಒಪ್ಪಂದದ ನೌಕರರಿಗೆ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಒಂದು ವರ್ಷ ಸಾಕು.

ಪಿಎಫ್ ವಿಚಾರದಲ್ಲಿ ಎರಡು ಕಂಪನಿಗಳ ಪತ್ರಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಅವುಗಳ ಸ್ವಭಾವ ತಿಳಿಯುತ್ತದೆ. ಒಂದು ಕಂಪನಿ ಪೂರ್ತಿ ಮೂಲ ವೇತನದ ಮೇಲೆ ಶೇ 12 ಕಟ್ಟುತ್ತದೆ. ಇನ್ನೊಂದು ಕಾನೂನಿನ ಮಿತಿಯಾದ 15,000 ರೂಪಾಯಿಗೆ ಲೆಕ್ಕ ಹಾಕಿ ತಿಂಗಳಿಗೆ 1,800ಕ್ಕೆ ನಿಲ್ಲಿಸುತ್ತದೆ. ಎರಡನೆಯದರಲ್ಲಿ ಕೈಗೆ ಹೆಚ್ಚು ಬರುತ್ತದೆ, ಉಳಿತಾಯ ಕಡಿಮೆಯಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಮೊದಲ ಕೆಲಸಕ್ಕೆ ಸೇರುವಾಗಲೇ ಮೂಲ ವೇತನ 15,000 ಮೀರಿರುವುದರಿಂದ ಪಿಂಚಣಿ ಯೋಜನೆಗೆ ಪಾಲು ಹೋಗುವುದಿಲ್ಲ, ಕಂಪನಿಯ 3,000 ಪೂರ್ತಿ ಪಿಎಫ್ ಖಾತೆಗೆ ಬೀಳುತ್ತದೆ. ನೌಕರರ 3,000 ಸೇರಿ ತಿಂಗಳಿಗೆ 6,000 ಜಮೆಯಾಗಬೇಕು. ಪಾಸ್‌ಬುಕ್ಕಿನಲ್ಲಿ ಇದು ಬಂದಿದೆಯೇ ಎಂದು ಮೂರು ತಿಂಗಳಿಗೊಮ್ಮೆಯಾದರೂ ನೋಡಬೇಕು. ಸಂಬಳಚೀಟಿಯಲ್ಲಿ ಕಡಿತವಾಗಿದ್ದರೂ ಖಾತೆಗೆ ಬಂದಿರದಿದ್ದರೆ ಅದು ಸಣ್ಣ ವಿಷಯವಲ್ಲ. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳ ಪ್ರಕಾರ, ವೇತನದಿಂದ ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಮೀರಿದ ಭಾಗವೂ ವೇತನದ ಲೆಕ್ಕಕ್ಕೇ ಸೇರುತ್ತದೆ. ಮೂಲ ವೇತನವನ್ನು ಕಡಿಮೆ ತೋರಿಸಿ ಗ್ರಾಚ್ಯುಟಿ ತಗ್ಗಿಸುತ್ತಿದ್ದ ಹಳೆಯ ಅಭ್ಯಾಸಕ್ಕೆ ಇದು ಕಡಿವಾಣ. ನಮ್ಮ ದೃಷ್ಟಿಯಲ್ಲಿ ಇದು ಒಳ್ಳೆಯ ಬದಲಾವಣೆ, ತಿಂಗಳ ಕೈಸಂಬಳ ಕೊಂಚ ಇಳಿದರೂ ಸರಿ.

ಕರ್ನಾಟಕದ ಮಕ್ಕಳಿಗೆ ವಿಶೇಷವಾಗಿ ಕಾಡುವ ತೊಡಕೊಂದಿದೆ: ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಊರು ಮತ್ತು ತಂದೆಯ ಹೆಸರಿನ ಇನಿಷಿಯಲ್ ಇರುತ್ತದೆ. ಪ್ಯಾನ್ ಕಾರ್ಡಿಗೆ ಇನಿಷಿಯಲ್ ಬಿಡಿಸಿ ಬರೆಯಬೇಕಾಗುತ್ತದೆ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೋ ಮುಂದೋ ಹೋಗಿರುತ್ತದೆ. ಯುಎಎನ್ (ಪಿಎಫ್ ಸದಸ್ಯರ ಶಾಶ್ವತ ಸಂಖ್ಯೆ) ಆಧಾರ್‌ಗೆ ಜೋಡಣೆಯಾಗುವಾಗ, ಬ್ಯಾಂಕ್ ಖಾತೆ ಸೇರಿಸುವಾಗ, ಹಿನ್ನೆಲೆ ಪರಿಶೀಲನೆಯ ಹೊತ್ತಿನಲ್ಲಿ ಈ ಮೂರು ಹೆಸರುಗಳು ಹೊಂದದೆ ಕೆಲಸ ನಿಲ್ಲುತ್ತದೆ. ತಿದ್ದುಪಡಿಗೆ ವಾರಗಟ್ಟಲೆ ಹಿಡಿಯುವುದರಿಂದ ಕೊನೆಯ ವರ್ಷದ ಆರಂಭದಲ್ಲೇ ಆಧಾರ್, ಪ್ಯಾನ್, ಬ್ಯಾಂಕ್ ಮೂರರಲ್ಲೂ ಒಂದೇ ಕಾಗುಣಿತ, ಒಂದೇ ಜನ್ಮದಿನಾಂಕ ಇರುವಂತೆ ಮಾಡಿಕೊಳ್ಳುವುದು ಒಳ್ಳೆಯದು. ಕೆಲಸ ಬದಲಿಸಿದಾಗ ಹೊಸ ಯುಎಎನ್ ಮಾಡಿಸಬಾರದು, ಹಳೆಯದನ್ನೇ ಕೊಟ್ಟು ಹಣ ವರ್ಗಾಯಿಸಿಕೊಳ್ಳಬೇಕು. ಹಳೆಯ ಕಂಪನಿ ಬಿಟ್ಟ ದಿನಾಂಕವನ್ನು ನಮೂದಿಸದಿದ್ದರೆ, ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳ ನಂತರ ನೌಕರರೇ ಪೋರ್ಟಲ್‌ನಲ್ಲಿ ನಮೂದಿಸಬಹುದು.

ಇನ್ನು ಪತ್ರದ ಬಗೆ. ಕ್ಯಾಂಪಸ್ಸಿನಲ್ಲಿ ಕೊಡುವುದು ಎಷ್ಟೋ ಸಲ ಲೆಟರ್ ಆಫ್ ಇಂಟೆಂಟ್, ಅಂದರೆ ತೆಗೆದುಕೊಳ್ಳುವ ಉದ್ದೇಶವಿದೆ ಎಂಬ ಹೇಳಿಕೆ. ಸೇರುವ ದಿನಾಂಕ ಅದರಲ್ಲಿ ಇರುವುದಿಲ್ಲ, ‘ವ್ಯಾಪಾರದ ಅಗತ್ಯಕ್ಕೆ ತಕ್ಕಂತೆ’ ಎಂದಿರುತ್ತದೆ. ಇದನ್ನು ನಂಬಿ ಬೇರೆ ಸಂದರ್ಶನಗಳನ್ನು ಕೈಬಿಟ್ಟವರು ತಿಂಗಳುಗಟ್ಟಲೆ ಮನೆಯಲ್ಲಿ ಕಾಯುತ್ತಾರೆ. ಹಲವು ಕಾಲೇಜುಗಳಲ್ಲಿ ‘ಒಬ್ಬರಿಗೆ ಒಂದೇ ಆಫರ್’ ಎಂಬ ನಿಯಮ ಇರುವುದರಿಂದ ಪೆಟ್ಟು ಇನ್ನೂ ಜೋರು. ಸೇರುವ ದಿನಾಂಕವಿಲ್ಲದ ಪತ್ರವನ್ನು ಈ ನಿಯಮಕ್ಕೆ ‘ಆಫರ್’ ಎಂದು ಎಣಿಸಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಬಾಂಡ್, ಅಂದರೆ ಇಷ್ಟು ವರ್ಷಕ್ಕೆ ಮೊದಲೇ ಬಿಟ್ಟರೆ ಇಷ್ಟು ಹಣ ಕೊಡಬೇಕೆಂಬ ಕರಾರಿನ ಬಗ್ಗೆ ಹಾಸ್ಟೆಲುಗಳಲ್ಲಿ ಎರಡು ಮಾತು ಓಡಾಡುತ್ತವೆ. ಒಂದು, ಬಾಂಡ್ ಎಂದರೆ ಜೀತ. ಇನ್ನೊಂದು, ಬಾಂಡ್‌ಗೆ ಕೋರ್ಟಿನಲ್ಲಿ ಬೆಲೆಯೇ ಇಲ್ಲ. ಎರಡೂ ತಪ್ಪು. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಸಾರ್ವಜನಿಕ ವಲಯದ ಬ್ಯಾಂಕಿಗೆ ಮತ್ತೆ ನೇಮಕಾತಿ ನಡೆಸುವುದಕ್ಕೆ ತಗಲುವ ಖರ್ಚನ್ನು ಕೋರ್ಟ್ ಲೆಕ್ಕಕ್ಕೆ ತೆಗೆದುಕೊಂಡಿತು. ಹಾಗೆಂದು ಯಾವ ಮೊತ್ತ ಬರೆದರೂ ಸಿಂಧುವಾಗುವುದಿಲ್ಲ. ಭಾರತೀಯ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಸಿಗುವುದು ನ್ಯಾಯಯುತ ಪರಿಹಾರ ಮಾತ್ರ, ಕಾಗದದಲ್ಲಿ ಬರೆದ ಮೊತ್ತ ಅದಕ್ಕೆ ಗರಿಷ್ಠ ಮಿತಿ. ಕೆಲಸ ಬಿಟ್ಟ ಮೇಲೂ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು ಎಂಬ ಷರತ್ತು 27ನೇ ಕಲಮಿನಡಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಸಹಿ ಹಾಕುವ ಮೊದಲು ಕೇಳಬೇಕಾದದ್ದು ಇಷ್ಟು: ತರಬೇತಿ ಎಷ್ಟು ವಾರ, ಅದಕ್ಕೆ ಕಂಪನಿಯ ಖರ್ಚು ಎಷ್ಟು, ವರ್ಷ ಕಳೆದಂತೆ ಬಾಂಡ್ ಮೊತ್ತ ಇಳಿಯುತ್ತದೆಯೇ, ಕಂಪನಿಯೇ ತೆಗೆದುಹಾಕಿದರೆ ಬಾಂಡ್ ಏನಾಗುತ್ತದೆ. ಮೂಲ ಅಂಕಪಟ್ಟಿಯನ್ನು ಒತ್ತೆಯಾಗಿ ಕೇಳುವ ಕಂಪನಿಗೆ ಸೇರಲೇಬೇಡಿ. ಪರಿಶೀಲನೆಗೆ ತೋರಿಸಿ ಅದೇ ದಿನ ವಾಪಸು ತರಬೇಕು.

ನೋಟಿಸ್ ಅವಧಿಯ ಕಲಮು ಬಹಳ ಮಾತಾಡುತ್ತದೆ. ನೌಕರರು ಬಿಡುವುದಾದರೆ 90 ದಿನ, ಕಂಪನಿ ಬಿಡಿಸುವುದಾದರೆ 30 ದಿನ ಎಂದು ಬರೆದಿದ್ದರೆ ‘ಕುಟುಂಬ’ದ ಅರ್ಥ ಅಲ್ಲಿಯೇ ಗೊತ್ತಾಗುತ್ತದೆ. ಮುಂದಿನ ಕಂಪನಿಗೆ 30 ದಿನದಲ್ಲಿ ಜನ ಬೇಕು, ಇಲ್ಲಿ 90 ದಿನ ಕಟ್ಟಿಹಾಕಿರುತ್ತಾರೆ. ಉಳಿದ ದಿನಗಳ ಸಂಬಳ ಕಟ್ಟಿ ಬೇಗ ಬಿಡುವ ಅವಕಾಶ ನೌಕರರ ಹಕ್ಕೋ, ಮ್ಯಾನೇಜರರ ಮರ್ಜಿಯೋ ಎಂಬುದನ್ನು ಅದೇ ಕಲಮಿನಲ್ಲಿ ಹುಡುಕಬೇಕು. ಅಂದ ಹಾಗೆ, ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರ ಪ್ರಕಾರ ಆರು ತಿಂಗಳು ಸತತ ಸೇವೆ ಸಲ್ಲಿಸಿದ ನೌಕರರನ್ನು ಸಕಾರಣವಿಲ್ಲದೆ ತೆಗೆಯುವಂತಿಲ್ಲ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ವೇತನ ಕೊಡಬೇಕು.

ಐ.ಟಿ. ಕಂಪನಿಗಳಿಗೆ ಕಾರ್ಮಿಕ ಕಾನೂನೇ ಇಲ್ಲ ಎಂಬ ನಂಬಿಕೆಯೂ ನಮ್ಮ ವಿದ್ಯಾರ್ಥಿಗಳಲ್ಲಿ ಗಟ್ಟಿಯಾಗಿದೆ. ಅದಕ್ಕೆ ಕಾರಣ ಅರ್ಧ ಸತ್ಯ. ನೌಕರಿಯ ಷರತ್ತುಗಳನ್ನು ಕಂಪನಿ ಬರಹದಲ್ಲಿ ನಿಗದಿಪಡಿಸಬೇಕೆಂಬ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐ.ಟಿ. ಮತ್ತು ಐ.ಟಿ. ಆಧಾರಿತ ಸೇವಾ ವಲಯಕ್ಕೆ ರಾಜ್ಯ ಸರ್ಕಾರ ವಿನಾಯಿತಿ ಕೊಡುತ್ತಾ ಬಂದಿತು, 2024ರ ಜೂನ್‌ನಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ಆದರೆ ಆ ವಿನಾಯಿತಿ ಬಂದದ್ದೇ ಷರತ್ತುಗಳ ಜೊತೆ: ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿ ಇರಬೇಕು, ಕುಂದುಕೊರತೆ ಸಮಿತಿ ಇರಬೇಕು, ಅಮಾನತು, ವಜಾ, ಹಿಂಬಡ್ತಿಯಂಥ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಇದರ ಜೊತೆಗೆ, 1961ರ ಅಂಗಡಿ ಕಾಯ್ದೆಯ ಕೆಲಸದ ಗಂಟೆಗಳು ಎಲ್ಲಿಗೂ ಹೋಗಿಲ್ಲ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಅದಕ್ಕಿಂತ ಹೆಚ್ಚಿಗೆ ದುಡಿಸಿದರೆ ಎರಡರಷ್ಟು ವೇತನ. 2024ರ ಜುಲೈನಲ್ಲಿ ದಿನಕ್ಕೆ 14 ಗಂಟೆವರೆಗೆ ದುಡಿಸಲು ದಾರಿ ಮಾಡುವ ಪ್ರಸ್ತಾವ ಬಂದಾಗ ಐ.ಟಿ. ನೌಕರರ ಸಂಘ ಬೀದಿಗಿಳಿದು ವಿರೋಧಿಸಿದ್ದು ಇದೇ ಕಾರಣಕ್ಕೆ.

ಗಂಟೆ ಏಕೆ ಉದ್ದವಾಗುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ನ್ಯೂಯಾರ್ಕಿನ ಬೆಳಿಗ್ಗೆ 9 ಎಂದರೆ ಬೇಸಿಗೆಯಲ್ಲಿ ನಮಗೆ ಸಂಜೆ 6.30, ಚಳಿಗಾಲದಲ್ಲಿ 7.30. ಸ್ಯಾನ್ ಫ್ರಾನ್ಸಿಸ್ಕೊದ ಬೆಳಿಗ್ಗೆ 9 ಎಂದರೆ ರಾತ್ರಿ 9.30 ಅಥವಾ 10.30. ಬೆಳಿಗ್ಗೆ 10ಕ್ಕೆ ಕಚೇರಿಯ ತಂಡದ ಸಭೆ, ರಾತ್ರಿ 9.30ಕ್ಕೆ ಗ್ರಾಹಕರ ಕರೆ ಎರಡೂ ಒಬ್ಬರ ಮೇಲೆಯೇ ಬಿದ್ದರೆ ದಿನ ಹನ್ನೆರಡು ಗಂಟೆಗೆ ಎಳೆಯುತ್ತದೆ. ಇದಕ್ಕೆ ಸದಾ ದುರುದ್ದೇಶವೇ ಕಾರಣವಲ್ಲ. ಯೋಜನೆಗೆ ಹೇಳಿದ ಬೆಲೆ ಕಡಿಮೆಯಾಗಿ, ಎಂಟು ಜನರ ಕೆಲಸಕ್ಕೆ ಆರು ಜನರನ್ನು ಹಾಕಿ, ಕರೆಗೆ ಪಾಳಿ ಕಟ್ಟುವಷ್ಟು ಕೈಗಳೇ ಇರುವುದಿಲ್ಲ. ಸಂದರ್ಶನದ ಕೊನೆಗೆ ‘ನಿಮಗೇನಾದರೂ ಪ್ರಶ್ನೆ ಇದೆಯೇ’ ಎಂದಾಗ ಸುಮ್ಮನಿರಬೇಡಿ. ಗ್ರಾಹಕರು ಯಾವ ದೇಶದವರು, ರಾತ್ರಿ ಕರೆ ವಾರಕ್ಕೆ ಎಷ್ಟು, ಸರದಿ ಇದೆಯೇ, ಶನಿವಾರ ದುಡಿದರೆ ಬದಲಿ ರಜೆ ಎಷ್ಟು ದಿನದೊಳಗೆ ಬಳಸಬೇಕು, ರಾತ್ರಿ ಎಷ್ಟು ಗಂಟೆಯ ನಂತರ ಕ್ಯಾಬ್ ಕೊಡುತ್ತಾರೆ ಎಂದು ಕೇಳಿ. ಉತ್ತರ ಕೊಡಲು ಮುಜುಗರಪಡುವ ಮ್ಯಾನೇಜರ್ ಅದರಲ್ಲೇ ಉತ್ತರ ಕೊಟ್ಟಿರುತ್ತಾರೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ನಿಜವಾದ ಕಷ್ಟ ಇಂಗ್ಲಿಷ್ ವ್ಯಾಕರಣವಲ್ಲ, ಮಾತಿನ ಒಪ್ಪಂದ. ನಮ್ಮಲ್ಲಿ ಹಿರಿಯರಿಗೆ ‘ಆಗಲ್ಲ’ ಎಂದು ಮುಖಕ್ಕೆ ಹೇಳುವುದಿಲ್ಲ, ‘ನೋಡ್ತೀನಿ ಸರ್’ ಎನ್ನುತ್ತೇವೆ. ಮನೆಯಲ್ಲಿ, ಊರಿನಲ್ಲಿ ಎಲ್ಲರಿಗೂ ಅದರ ಅರ್ಥ ಗೊತ್ತು. ಅದೇ ಮಾತು ಇಂಗ್ಲಿಷಿಗೆ ತಿರುಗಿ ಕರೆಯಲ್ಲಿ ಹೋದಾಗ ಆ ಕಡೆಯವರು ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳುತ್ತಾರೆ. ಶುಕ್ರವಾರ ಬರುತ್ತದೆ, ಕೆಲಸ ಆಗಿರುವುದಿಲ್ಲ, ವಿಷಯ ಮೇಲಿನವರೆಗೆ ಹೋಗುತ್ತದೆ. ಹುಡುಗ ಮೋಸ ಮಾಡಿಲ್ಲ, ಮ್ಯಾನೇಜರ್ ಕ್ರೂರಿಯೂ ಅಲ್ಲ. ಎರಡು ಕಡೆಯ ರೂಢಿ ಡಿಕ್ಕಿ ಹೊಡೆದಿದೆ ಅಷ್ಟೆ. ‘ನೋಡ್ತೀನಿ’ ಬದಲು ಮೂರು ಸಂಗತಿ ಹೇಳುವುದನ್ನು ರೂಢಿಸಿಕೊಳ್ಳಬೇಕು: ಇದರಲ್ಲಿ ಇಷ್ಟು ಭಾಗ ನನ್ನಿಂದ ಆಗುತ್ತದೆ, ಬುಧವಾರ ಸಂಜೆಗೆ ಕೊಡುತ್ತೇನೆ, ಅದಕ್ಕೆ ಮೊದಲು ನನಗೆ ಈ ಅನುಮತಿ ಬೇಕು. ಬೆಳಗಿನ ಸ್ಟ್ಯಾಂಡಪ್ ಸಭೆಯಲ್ಲೂ ಅಷ್ಟೇ. ನಿನ್ನೆ ಮುಗಿದದ್ದು, ಇಂದು ಮಾಡುವುದು, ಎಲ್ಲಿ ಸಿಕ್ಕಿಕೊಂಡಿದ್ದೇನೆ. ಮೂರನೆಯದನ್ನು ಹೇಳಲು ನಾಚಿ ಮೂರು ದಿನ ಒಬ್ಬರೇ ಒದ್ದಾಡುವುದು ಹೊಸಬರ ದೊಡ್ಡ ತಪ್ಪು. ಎರಡು ಗಂಟೆ ಪ್ರಯತ್ನಿಸಿಯೂ ದಾರಿ ಕಾಣದಿದ್ದರೆ ಕೇಳಿಬಿಡಬೇಕು, ಏನೇನು ಮಾಡಿ ನೋಡಿದೆ ಎಂಬುದನ್ನೂ ಹೇಳಿ ಕೇಳಬೇಕು.

ಬಾಸ್ ಅನ್ನು ಹೆಸರು ಹಿಡಿದು ಕರೆಯುವ ಕಚೇರಿಯಲ್ಲಿ ಮೇಲು ಕೀಳು ಇಲ್ಲವೆಂದು ತಿಳಿಯಬಾರದು. ಹೆಸರು ಕರೆಯುವುದು ಶೈನ್ ಹೇಳಿದ ಮೊದಲ ಪದರ. ಸಭೆಯಲ್ಲಿ ಕಿರಿಯರೊಬ್ಬರು ‘ಈ ದಿನಾಂಕಕ್ಕೆ ಆಗುವುದಿಲ್ಲ’ ಎಂದಾಗ ಮುಂದಿನ ಐದು ನಿಮಿಷ ಏನಾಗುತ್ತದೆ ನೋಡಿ, ಮೂರನೆಯ ಪದರ ಅಲ್ಲಿದೆ. ಬಾಯಿಮಾತಿನಲ್ಲಿ ಕೆಲಸ ಬದಲಾದರೆ ಅದೇ ದಿನ ನಾಲ್ಕು ಸಾಲಿನ ಮೇಲ್ ಕಳಿಸಬೇಕು: ‘ಈಗ ಮಾತಾಡಿದಂತೆ ಇದನ್ನು ನಿಲ್ಲಿಸಿ ಅದನ್ನು ತೆಗೆದುಕೊಂಡಿದ್ದೇನೆ.’ ಇದು ಜಗಳಕ್ಕೆ ಸಾಕ್ಷಿ ಕೂಡಿಡುವುದಲ್ಲ, ಇಬ್ಬರ ನೆನಪನ್ನೂ ಒಂದೇ ಕಡೆ ಇಡುವುದು.

ಆ ಮೇಲ್‌ಗಳು ರೇಟಿಂಗ್ ಹೊತ್ತಿಗೆ ಬೇಕಾಗುತ್ತವೆ. ಹಲವು ಕಂಪನಿಗಳಲ್ಲಿ ಸಂಬಳ ಹೆಚ್ಚಳದ ಒಟ್ಟು ಹಣ ಮೊದಲೇ ನಿಗದಿಯಾಗಿರುತ್ತದೆ, ಮೇಲಿನ ದರ್ಜೆಗೆ ಇಂತಿಷ್ಟೇ ಜನ ಎಂಬ ಮಿತಿ ಇರುತ್ತದೆ. ಮ್ಯಾನೇಜರುಗಳು ಕೂತು ತಮ್ಮ ತಮ್ಮ ತಂಡದವರನ್ನು ಹೋಲಿಸುವ ಸಭೆಯಲ್ಲಿ ಯಾರ ಕೆಲಸಕ್ಕೆ ಬರಹದ ಪುರಾವೆ ಇದೆಯೋ ಅವರ ಹೆಸರು ನಿಲ್ಲುತ್ತದೆ. ಕೊನೆಯ ಎರಡು ಮೂರು ತಿಂಗಳ ಕೆಲಸವಷ್ಟೇ ನೆನಪಿರುವುದು ಮನುಷ್ಯ ಸಹಜ, ಹಾಗಾಗಿ ಜೂನ್‌ನಲ್ಲಿ ಮಾಡಿದ ಒಳ್ಳೆಯ ಕೆಲಸ ಮಾರ್ಚ್‌ನಲ್ಲಿ ಕಾಣೆಯಾಗಿರುತ್ತದೆ. ಪ್ರತಿ ಶುಕ್ರವಾರ ಮೂರು ಸಾಲು ಬರೆದಿಟ್ಟರೆ ಸಾಕು. ಆದರೆ ಕಚೇರಿಯ ಕಡತಗಳನ್ನಾಗಲಿ ಗ್ರಾಹಕರ ಮೇಲ್‌ಗಳನ್ನಾಗಲಿ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಬಾರದು. ಗೋಪ್ಯತೆಯ ಒಪ್ಪಂದ ಮುರಿದಂತಾಗಿ ಕೆಲಸವೇ ಹೋಗಬಹುದು. ಹೀಗೆ ದರ್ಜೆಗೆ ಇಂತಿಷ್ಟೇ ಜನ ಎಂದು ಮಿತಿ ಹಾಕುವ ಒತ್ತಾಯದ ಶ್ರೇಣೀಕರಣದಿಂದ ಜನ ಪರಸ್ಪರ ಸಹಾಯ ಮಾಡುವುದನ್ನೇ ಬಿಡುತ್ತಾರೆ ಎಂಬ ದೂರು ಹೊಸದಲ್ಲ. ಮೈಕ್ರೊಸಾಫ್ಟ್ 2013ರಲ್ಲೇ ಆ ಪದ್ಧತಿಯನ್ನು ಕೈಬಿಟ್ಟಿತು. ನಮ್ಮಲ್ಲಿ ಬೇರೆ ಹೆಸರಿನಲ್ಲಿ ಉಳಿದಿರುವ ಕಡೆಗಳೂ ಅದನ್ನು ಬಿಡಬೇಕು.

ಲೈಂಗಿಕ ಕಿರುಕುಳದ ದೂರಿನ ಬಗ್ಗೆ ಪ್ರತಿಯೊಬ್ಬ ವಿದ್ಯಾರ್ಥಿನಿಗೂ ಗೊತ್ತಿರಬೇಕಾದದ್ದು: ಕೆಲಸದ ಸ್ಥಳದಲ್ಲಿ ಅದನ್ನು ತಡೆಯುವ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನರಿರುವ ಪ್ರತಿ ಸಂಸ್ಥೆಯಲ್ಲೂ ಆಂತರಿಕ ಸಮಿತಿ ಕಡ್ಡಾಯ. ಅದರ ಅಧ್ಯಕ್ಷರು ಹಿರಿಯ ಮಹಿಳಾ ಉದ್ಯೋಗಿಯೇ ಆಗಿರಬೇಕು, ಹೊರಗಿನ ಸದಸ್ಯರೊಬ್ಬರಿರಬೇಕು. ದೂರನ್ನು ಮೂರು ತಿಂಗಳೊಳಗೆ ಬರೆದು ಕೊಡಬೇಕು, ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಇಂಟರ್ನ್‌ಗಳಿಗೂ ತರಬೇತಿಯಲ್ಲಿರುವವರಿಗೂ ಇದು ಅನ್ವಯಿಸುತ್ತದೆ. ಸೇರಿದ ಮೊದಲ ವಾರ ಸಮಿತಿಯ ಸದಸ್ಯರ ಹೆಸರುಗಳನ್ನು ಗೋಡೆಯ ಮೇಲೆ ಹುಡುಕಿ. ಕಾಣದಿದ್ದರೆ ಕೇಳಿ.

ಬಿಡುವಾಗಲೂ ಕ್ರಮವಿದೆ. ರಾಜೀನಾಮೆಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಬಾರದು. ಅಧಿಕೃತ ಮೇಲ್ ಅಥವಾ ಪೋರ್ಟಲ್‌ನಲ್ಲಿ ದಿನಾಂಕ ಬೀಳುವಂತೆ ಕೊಟ್ಟು, ಸ್ವೀಕೃತಿ ಪಡೆದು, ಕೊನೆಯ ದಿನವನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು. ಲ್ಯಾಪ್‌ಟಾಪ್, ಚಾರ್ಜರ್, ಗುರುತಿನ ಚೀಟಿ ಒಪ್ಪಿಸಿದ್ದಕ್ಕೆ ರಸೀದಿ ಇರಲಿ. ಲಾಗಿನ್ ಮುಚ್ಚುವ ಮೊದಲು ಸಂಬಳಚೀಟಿಗಳು ಮತ್ತು ತೆರಿಗೆ ಕಡಿತದ ಪ್ರಮಾಣಪತ್ರ (ಫಾರಂ 16) ಇಳಿಸಿಕೊಳ್ಳಬೇಕು. ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರಿಗೂ ವಜಾ ಆದವರಿಗೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ‘45 ದಿನ ಆಗುತ್ತದೆ’ ಎಂಬ ಹಳೆಯ ಮಾತು ಕೇಳಿಬಂದರೆ ಈ ನಿಯಮವನ್ನು ತೋರಿಸಿ ಬರೆದು ಕೇಳಬಹುದು.

ಇಷ್ಟನ್ನು ಹೇಳಿಕೊಡಲು ಹೊಸ ಪಠ್ಯಕ್ರಮ ಬೇಕಿಲ್ಲ. ಪ್ಲೇಸ್‌ಮೆಂಟ್ ವಿಭಾಗಗಳು ಗುಂಪು ಚರ್ಚೆಗೂ ಬಯೊಡೇಟಾಕ್ಕೂ ಕೊಡುವ ಸಮಯದಲ್ಲಿ ನಾಲ್ಕು ಗಂಟೆ ತೆಗೆದಿಟ್ಟು, ಹೆಸರು ಅಳಿಸಿದ ಒಂದು ಆಫರ್ ಲೆಟರನ್ನು ಸಾಲು ಸಾಲಾಗಿ ಓದಿಸಲಿ, ಒಂದು ಸಂಬಳಚೀಟಿಯನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಲಿ. ಕಾರ್ಮಿಕ ಇಲಾಖೆ ನೇಮಕಾತಿ ಪತ್ರದ ಮಾದರಿಯೊಂದನ್ನು ಸರಳ ಕನ್ನಡದ ವಿವರಣೆಯೊಂದಿಗೆ ಕಾಲೇಜುಗಳಿಗೆ ಕಳಿಸಲಿ. ತಮ್ಮ ಪತ್ರಿಕೆಯಲ್ಲಿ ಮುಂದಿನ ಬಾರಿ ‘6 ಲಕ್ಷ ಪ್ಯಾಕೇಜ್’ ಎಂದು ಅಚ್ಚಾಗುವಾಗ ಕೈಗೆ ಬರುವ ತಿಂಗಳ ಮೊತ್ತ, ಬಾಂಡ್ ಅವಧಿ, ಸೇರುವ ದಿನಾಂಕ ಈ ಮೂರನ್ನೂ ಕಾಲೇಜಿನಿಂದ ಕೇಳಿ ಪಕ್ಕದಲ್ಲೇ ಪ್ರಕಟಿಸಬೇಕೆಂದು ಕೋರುತ್ತೇವೆ.

ಇಂತಿ ನಿಮ್ಮ ಓದುಗರು,
ಮಾನವ ಸಂಪನ್ಮೂಲ ವಿಭಾಗದ ಎಂ.ಬಿ.ಎ. ವಿದ್ಯಾರ್ಥಿಗಳು
ಮೈಸೂರು